ಕಾಣೆಯಾದವರ ಅಕ್ಕ

ಕೊಲ್ಲೂರಿನ ಜೀಪ್ ಡ್ರೈವರ್ ಫೋನ್ ಮಾಡಿದಾಗ ನಾನು ಶಾಲೆಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದೆ.

"ಟೀಚರೇ, ಬಿಜೂರ್ ಅಕ್ಕ ಹೋದ್ರ್," ಎಂದರು.

"ಎಲ್ಲಿಗೆ?" ಎಂದು ಕೇಳಿದೆ.

ನನ್ನ ಪ್ರಶ್ನೆಯೇನೂ ವಿಚಿತ್ರವಾಗಿರಲಿಲ್ಲ. ಅಕ್ಕ ದಿನಾ ಎಲ್ಲಿಗಾದರೂ ಹೋಗುತ್ತಿದ್ದವರೇ. ಹೆಗಲಿಗೆ ರೆಕ್ಸಿನ್ ಚೀಲ, ಅದರಲ್ಲಿ ಮೈದಾ ಅಂಟಿನ ಡಬ್ಬಿ, ಸುತ್ತಿದ ಕಾಗದ. ಸಿಕ್ಕಿದ ಬಸ್ಸು ಹತ್ತಿ ಬೈಂದೂರು, ಕೊಲ್ಲೂರು, ಕುಂದಾಪುರ. ಮತ್ತೊಮ್ಮೆ ಕೇಳಿದೆ. "ಎಲ್ಲಿಗ್ ಅಂದ್ರೆ ನಾ ಎಂತ ಹೇಳೂದ್ ಟೀಚರೇ," ಎಂದು ಆ ಮನುಷ್ಯ ಅಳತೊಡಗಿದರು. ಅಂಗಳದಲ್ಲಿ ಮೀನು ಕೊಯ್ಯುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

ಹಿಂದಿನ ಸಂಜೆಯಷ್ಟೇ ಅಕ್ಕ ಫೋನಿನಲ್ಲಿ ನನ್ನನ್ನು ಬೈದಿದ್ದರು. ಬ್ರಹ್ಮಾವರದ ಸಂತೆಯಲ್ಲಿ ಸಿಗುವ ಮಟ್ಟುಗುಳ್ಳ ಬದನೆ ತರುತ್ತೇನೆಂದು ಹೇಳಿ ಮರೆತಿದ್ದಕ್ಕೆ. ಆ ದನಿ ಇನ್ನೂ ಕಿವಿಯಲ್ಲಿರುವಾಗ ಇವರು ಹೀಗೆ ಹೇಳಿದರೆ ನಂಬುವುದು ಹೇಗೆ? ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯವರು ಬಂದು "ಎಂತ ಆಯ್ತ್?" ಎಂದು ಕೇಳಿದಾಗ ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಹೆಚ್ಚಿನವರಿಗೆ ಗುರುತು ಹತ್ತದು. ಊರಿನಲ್ಲಿ ಅವರು ಬೊಂಬಾಯಿ ಅಕ್ಕ. ಗಂಡನ ಜೊತೆ ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ, ಆತ ತೀರಿಕೊಂಡ ಮೇಲೆ ಬಿಜೂರಿನಲ್ಲಿ ಆತನ ಪಾಲಿಗೆ ಬಂದ ಮನೆಯಲ್ಲಿ ನೆಲೆ ನಿಂತವರು. ಮನೆಯಲ್ಲಿದ್ದರೆ ನೈಟಿಯ ಮೇಲೆ ಹೆಗಲಿಗೊಂದು ಬೈರಾಸು ಟವೆಲು. ಹೊರಗೆ ಹೊರಟರೆ ಗಂಜಿ ಹಾಕಿದ ಕಾಟನ್ ಸೀರೆ. ಮಾತು ನಮ್ಮ ಕುಂದಾಪ್ರ ಕನ್ನಡವೇ, ಸಿಟ್ಟು ಬಂದಾಗ ಮಾತ್ರ ಹಿಂದಿ. ಮನೆಯ ಜಗಲಿಯ ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್, ಪಕ್ಕದಲ್ಲಿ ಒಂದು ಸಣ್ಣ ಕಲರ್ ಪ್ರಿಂಟರ್. ಮೈದುನನ ಮೊಮ್ಮಗಳ ಶಾಲೆಯ ಪ್ರಾಜೆಕ್ಟಿಗೆಂದು ತಂದ ಪ್ರಿಂಟರ್ ಅದು. ಅದರಲ್ಲಿ ಅಕ್ಕ ಕಾಣೆಯಾದವರ ಪೋಸ್ಟರ್ ಮಾಡುತ್ತಿದ್ದರು. ಯಾರು ಕೇಳಿದರೂ ಮಾಡಿಕೊಡುತ್ತಿದ್ದರು. ತಾವೇ ಹೋಗಿ ಅಂಟಿಸುತ್ತಿದ್ದರು. ಯಾಕೆ ಎಂದರೆ "ಪ್ರಿಂಟರ್ ಸುಮ್ನೆ ಕೂತಿದ್ದಿತ್ತ್," ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಬಹಳ ಕಾಲ ನಾನು ಅವರ ಬಾಯಿಂದ ಕೇಳಿರಲಿಲ್ಲ.

ಅವರನ್ನು ಮೊದಲು ಕಂಡದ್ದು ನನ್ನ ಅಮ್ಮ ಕಳೆದುಹೋದ ಮಾರನೆಯ ದಿನ.

ಅಮ್ಮನಿಗೆ ಆಗಲೇ ಮರೆವು ಶುರುವಾಗಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಲು ಬ್ರಹ್ಮಾವರದಿಂದ ಕುಂದಾಪುರಕ್ಕೆ ಕರೆದೊಯ್ದಿದ್ದೆ. ಹಿಂದಿರುಗುವಾಗ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ, ಎದುರಿನ ಮೆಡಿಕಲ್‌ನಲ್ಲಿ ಡ್ರಾಪ್ಸ್ ತೆಗೆದುಕೊಂಡು ತಿರುಗಿದೆ. ಬೆಂಚಿನ ಮೇಲೆ ಅಮ್ಮನ ನೀರಿನ ಬಾಟಲಿ ಮಾತ್ರ ಇತ್ತು. ಅಷ್ಟರಲ್ಲಿ ಯಾವ ಬಸ್ಸು ಬಂದಿತ್ತು, ಯಾವುದು ಹೋಯಿತು, ಯಾರಿಗೂ ಗೊತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ವಾಟ್ಸ್‌ಆಪ್ ಗುಂಪುಗಳಿಗೆಲ್ಲ ಫೋಟೋ ಹೋಯಿತು. ನನ್ನ ಗಂಡ ಉಡುಪಿ ಕಡೆಗೆ ಹುಡುಕಲು ಹೋದರು. ಸ್ಟೇಷನ್ನಿನಲ್ಲಿದ್ದ ಒಬ್ಬ ಮಹಿಳಾ ಪೇದೆ ನನ್ನನ್ನು ಪಕ್ಕಕ್ಕೆ ಕರೆದು, "ಬಿಜೂರಲ್ಲ್ ಒಬ್ರ್ ಅಕ್ಕ ಇದ್ರ್. ಒಂದ್ಸಲ ಅಲ್ಲಿಗ್ ಹೋಯ್ನಿ," ಎಂದಳು.

ಭಾನುವಾರ ಮಧ್ಯಾಹ್ನ ಬಿಜೂರಿನಲ್ಲಿ ಇಳಿದು ಆ ಜಗಲಿ ಹತ್ತಿ, ಅಲ್ಲಿದ್ದ ಕುರ್ಚಿಯಲ್ಲಿ ಕೂತೆ. ಅಕ್ಕ ನನ್ನ ಫೋನ್ ತೆಗೆದುಕೊಂಡು, ನಾನು ಆರಿಸಿದ್ದ ಫೋಟೋ ನೋಡಿದರು. ತಂಗಿಯ ಮಗನ ಮದುವೆಯಲ್ಲಿ ತೆಗೆದದ್ದು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಅಮ್ಮನ ಮುಖದಲ್ಲಿ ನಗು.

"ಇದ್ ಬ್ಯಾಡ. ಕಳ್ದ್ ಹೋದವ್ರ್ ಯಾರೂ ಮದಿ ಫೋಟೋದ್ ಹಾಂಗ್ ಇಪ್ದಿಲ್ಲೆ."

ಅವರೇ ನನ್ನ ಫೋನಿನಲ್ಲಿ ಒಂದೊಂದೇ ಫೋಟೋ ಸರಿಸುತ್ತ ಹೋದರು. ಅಮ್ಮ ಜ್ವರದಿಂದ ಎದ್ದ ದಿನ ತಂಗಿಗೆ ಕಳಿಸಲೆಂದು ತೆಗೆದ ಒಂದು ಫೋಟೋ ಇತ್ತು. ಕೂದಲು ಕೆದರಿದೆ. ಹಣೆಯಲ್ಲಿ ಕುಂಕುಮವಿಲ್ಲ. ಕಣ್ಣು ಯಾರನ್ನೋ ಹುಡುಕುತ್ತಿದೆ. "ಇದೇ," ಎಂದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಊರಿನ ಗೋಡೆಗಳ ಮೇಲೆ ಅಮ್ಮನನ್ನು ಈ ರೂಪದಲ್ಲಿ ಅಂಟಿಸುವುದೇ? "ಅಕ್ಕ, ಬ್ಯಾಡ," ಎಂದೆ. ಅವರು ಫೋನಿನಿಂದ ಕಣ್ಣೆತ್ತಲಿಲ್ಲ.

"ನಿಂಗ್ ನಾಚ್ಕಿ ಆತ್ತಾ? ನಿನ್ನೆಯಿಂದ ಬಾಚ್ಣಿಕೆ ಇಲ್ಲೆ, ಕನ್ನಡಿ ಇಲ್ಲೆ. ಈಗ ನಿನ್ ಅಬ್ಬಿ ಇಪ್ಪುದ್ ಹೀಂಗೇ."

ಆಮೇಲೆ ಪ್ರಶ್ನೆಗಳು. ಸೀರೆ ಯಾವ ಬಣ್ಣ? ಹಸಿರು. ಈ ಫೋಟೋದಲ್ಲಿ ಉಟ್ಟದ್ದೇ. ಯಾವ ಹಸಿರು, ಗಿಳಿ ಹಸಿರೋ ಬಾಳೆಲೆ ಹಸಿರೋ? ಬಾಳೆಲೆ. ಹೆಸರು ಹಿಡಿದು ಕರೆದರೆ ತಿರುಗುತ್ತಾರಾ? ಕೆಲವು ಸಲ. ಕೈ ಸುಮ್ಮನಿದ್ದರೆ ಏನು ಮಾಡುತ್ತದೆ? ಅಮ್ಮ ಬದುಕಿಡೀ ಮಲ್ಲಿಗೆ ಕಟ್ಟಿ ಮಾರಿದವರು. ಈಗಲೂ ಸುಮ್ಮನೆ ಕೂತಾಗ ಬಾಳೆನಾರು ಹಿಡಿದವರ ಹಾಗೆ ಬೆರಳು ಆಡುತ್ತಿರುತ್ತದೆ. ಅಕ್ಕ ಒಂದೊಂದೇ ಬೆರಳಿನಿಂದ ಕೀಲಿ ಒತ್ತುತ್ತ ಅದನ್ನೂ ಟೈಪ್ ಮಾಡಿದರು: 'ಕೈ ಸದಾ ಹೂ ಕಟ್ಟುವಂತೆ ಆಡುತ್ತಿರುತ್ತದೆ.'

ಮೊದಲ ಪ್ರತಿ ಹೊರಬಂತು. ಸೀರೆಯ ತುಂಬ ಅಡ್ಡ ಪಟ್ಟೆ, ಬಣ್ಣ ಪಾಚಿಯ ಹಾಗೆ. ಶಾಯಿ ಬರುವ ತೂತು ಶುಚಿಯಾಗಲೆಂದು ಅಕ್ಕ ಹೆಡ್ ಕ್ಲೀನಿಂಗ್‌ಗೆ ಕೊಟ್ಟರು. ಪ್ರಿಂಟರ್ ಒಳಗೊಳಗೇ ನರಳಿತು, ಗಕ್ಕೆಂದು ನಿಂತಿತು. ಎರಡು ದೀಪಗಳು ಒಂದಾದ ಮೇಲೊಂದು ಮಿನುಗತೊಡಗಿದವು. ಲ್ಯಾಪ್‌ಟಾಪಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂತು. ಓದಿ ಹೇಳಿದೆ: ಪ್ರಿಂಟರಿನ ಇಂಕ್ ಪ್ಯಾಡಿನ ಬಾಳಿಕೆ ಮುಗಿದಿದೆ, ಸರ್ವಿಸ್ ಸೆಂಟರಿಗೆ ಹೋಗಿ.

"ಮುಗ್ದಿತ್ತ್ ಅಂದ್ರೆ?"

"ಮುಗ್ದಿತ್ತ್ ಅಂದ್ರೆ... ಇನ್ನ್ ಪ್ರಿಂಟ್ ಮಾಡ್ದಿಲ್ಲೆ ಅಂಬ್ರ್, ಅಕ್ಕ."

ಅಕ್ಕ ಸ್ವಿಚ್ ಆರಿಸಿ ಹಾಕಿದರು. ಅದೇ ದೀಪ. ಪ್ಲಗ್ ಕಿತ್ತು ಸಿಕ್ಕಿಸಿದರು. ಅದೇ ದೀಪ. ಭಾನುವಾರ ಬೈಂದೂರಿನ ಸ್ಟುಡಿಯೋ, ಜೆರಾಕ್ಸ್ ಎಲ್ಲ ಬಂದ್. ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿಗೆ ಅಕ್ಕ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಅಕ್ಕ, ಹೆಡ್ ಕ್ಲೀನ್ ಮಾಡುವತಿಗೆ ಚೆಲ್ಲು ಶಾಯಿ ಎಲ್ಲಿಗ್ ಹೋತ್ತ್ ಅಂತ ಮಾಡಿದ್ರಿ?" ಎಂದ ಆತ. "ಕೆಳ್ಗೆ ಒಂದ್ ಪ್ಯಾಡ್ ಇತ್ತ್, ಅದ್ ಕುಡಿತ್ತ್. ಎಷ್ಟ್ ಕುಡ್ದಿತ್ತ್ ಅಂತ ಒಳ್ಗೇ ಒಂದ್ ಕೌಂಟರ್ ಓಡ್ತಾ ಇರತ್ತ್. ಕೌಂಟರ್ ತುಂಬ್ರೆ ಮಷೀನ್ ನಿಂತ್ಕಂತ್ತ್."

"ಪ್ಯಾಡ್ ತುಂಬಿತ್ತಾ ಇಲ್ಯಾ ಅಂತ ಅದ್ ಕಂಡ್ಕಂಡ್ ಹೇಳೂದಾ?"

"ಇಲ್ಲೆ ಅಕ್ಕ. ಬರೀ ಲೆಕ್ಕ."

"ಹಾಂಗಾರೆ ಮಷೀನ್ ಹಾಳಾಯಿಲ್ಲೆ?"

"ಎಂತದೂ ಆಯಿಲ್ಲೆ."

ಅಕ್ಕ ಹಣೆ ಚಚ್ಚಿಕೊಂಡರು. "ಅರೇ ಬಾಪ್‌ರೇ! ಮೈಕೈ ಎಲ್ಲ ಸಮ ಇಪ್ಪುದನ್ನ ಲೆಕ್ಕ ತುಂಬ್ತ್ ಅಂದೇಳಿ ಕೊಂದ್ ಹಾಕೂದಾ? ಎಂತ ಅನ್ಯಾಯ ಮಾರಾಯಾ ಇದ್?"

ನಾಳೆ ಅಂಗಡಿಗೆ ತನ್ನಿ, ಎರಡು ದಿನ ಬಿಟ್ಟು ಕೊಡುತ್ತೇನೆ ಎಂದ ಆತ. ಎರಡು ದಿನ ಎಂಬ ಮಾತು ಕೇಳಿ ಅಕ್ಕನ ದನಿ ಬದಲಾಯಿತು. "ಇವ್ಳ ಅಬ್ಬಿ ಎಲ್ಲಿದ್ರೋ, ಉಂಡ್ರೋ ಇಲ್ಯೋ! ಈಗ್ಲೇ ಎಂತ ಮಾಡೂಕ್ ಆತ್ತ್ ಅದನ್ನ ಹೇಳ್." ಆತ ಒಂದು ಸಣ್ಣ ಪ್ರೋಗ್ರಾಂನ ಲಿಂಕ್ ಕಳಿಸಿದ. ಕಳಿಸುವ ಮೊದಲು ಎಚ್ಚರಿಕೆಯನ್ನೂ ಹೇಳಿದ. ಅದು ಸೊನ್ನೆ ಮಾಡುವುದು ಲೆಕ್ಕವನ್ನು ಮಾತ್ರ, ಶಾಯಿ ಇದ್ದಲ್ಲೇ ಇರುತ್ತದೆ. ಪ್ಯಾಡ್ ಬದಲಿಸದಿದ್ದರೆ ಇವತ್ತಲ್ಲ ನಾಳೆ ಮೇಜಿನ ತುಂಬ ಚೆಲ್ಲುತ್ತದೆ.

ಅಕ್ಕ ಪ್ರಿಂಟರನ್ನು ಹಳೆಯ ಪೇಪರಿನ ಮೇಲೆ ಇಟ್ಟು, ಹಿಂಬದಿಯ ಸ್ಕ್ರೂ ಬಿಚ್ಚಿ, ಒಲೆಯ ಇಕ್ಕಳದಿಂದ ಆ ಪ್ಯಾಡನ್ನು ಎಳೆದರು. ಕಪ್ಪು ಹಲ್ವದ ಹಾಗಿತ್ತು. ಹಿಂಡಿದಷ್ಟೂ ಶಾಯಿ. ಅದು ತೊಳೆದು ಒಣಗುವಷ್ಟು ಹೊತ್ತು ನಮಗಿರಲಿಲ್ಲ. ಅಕ್ಕ ನನ್ನ ಬ್ಯಾಗಿನ ಕಡೆ ನೋಡಿದರು.

"ನಿನ್ ಹತ್ರ ಇತ್ತಾ? ತಿಂಗ್ಳಿದ್?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯವರೆಗೆ ಬಿಸಿಯೇರಿತು. "ಎಂತಕೆ ನಾಚ್ಕಂತೆ ಮಾರಾಯ್ತಿ? ಕುಡಿಯೂಕೇ ಅಲ್ದಾ ಅದ್ ಇಪ್ಪುದ್?" ಎಂದರು ಅಕ್ಕ. ತೆಗೆದುಕೊಟ್ಟೆ. ಅಳತೆ ನೋಡಿ ಕತ್ತರಿಸಿ, ಪ್ಯಾಡಿನ ಜಾಗದಲ್ಲಿ ತುರುಕಿದರು. ಆ ಗಂಭೀರ ಮುಖ, ಕಪ್ಪಾದ ಕೈ ನೋಡಿ ನಾನು ಫಕ್ಕನೆ ನಕ್ಕುಬಿಟ್ಟೆ. ನಕ್ಕ ಮರುಕ್ಷಣ ಬಾಯಿ ಮುಚ್ಚಿಕೊಂಡೆ. ಅಮ್ಮ ಎಲ್ಲಿದ್ದಾರೆಂದು ಗೊತ್ತಿಲ್ಲ, ನಾನು ನಗುತ್ತಿದ್ದೇನೆ. ಅಕ್ಕ ನನ್ನನ್ನು ಓರೆಗಣ್ಣಿನಿಂದ ನೋಡಿ, "ನಗು ಬಂದ್ರೆ ನಗು. ಎಂತ ಆತಿಲ್ಲೆ," ಎಂದು ಸ್ಕ್ರೂ ಬಿಗಿದರು.

ಪ್ರೋಗ್ರಾಂ ಇಳಿಸುವಾಗ ಲ್ಯಾಪ್‌ಟಾಪ್ ಕೆಂಪಕ್ಷರದಲ್ಲಿ ಅಪಾಯ ಎಂದು ಕೂಗಿತು. ಅದರಲ್ಲಿ ಅಕ್ಕ ಹುಡುಕುತ್ತಿದ್ದ ಅಷ್ಟೂ ಜನರ ಮುಖಗಳಿದ್ದವು. ವೈರಸ್ ಹೊಕ್ಕರೆ ಒಂದೂ ಉಳಿಯುವುದಿಲ್ಲ ಎಂದೆ. ಅಕ್ಕ ಸ್ವಲ್ಪ ಹೊತ್ತು ಪರದೆ ನೋಡಿದರು. ಅವರಿಗೂ ಹೆದರಿಕೆಯಾದದ್ದು ನನಗೆ ಕಂಡಿತು. "ಒತ್ತ್," ಎಂದರು. ಒತ್ತಿದೆ. ಅವರು ಪ್ರಿಂಟರಿನ ಒಂದು ಗುಂಡಿ ಅದುಮಿ ಹಿಡಿದು ಇನ್ನೊಂದು ಕೈಯಿಂದ ಸ್ವಿಚ್ ಹಾಕಿದರು. ಪರದೆಯಲ್ಲಿ ಸಣ್ಣ ಚೌಕ ತೆರೆಯಿತು. 'ವೇಸ್ಟ್ ಇಂಕ್ ಕೌಂಟರ್' ಎಂಬಲ್ಲಿ ಟಿಕ್ ಹಾಕಿ ರಿಸೆಟ್ ಕೊಟ್ಟೆ. ನೂರು ಇದ್ದದ್ದು ಸೊನ್ನೆಯಾಯಿತು. ಆರಿಸಿ ಹಾಕಿದಾಗ ಒಂದೇ ಹಸಿರು ದೀಪ, ಮಿನುಗದೆ ನಿಂತಿತ್ತು.

ಬಾಳೆಲೆ ಹಸಿರಿನ ಸೀರೆಯುಟ್ಟ ಅಮ್ಮ ಹಾಳೆಹಾಳೆಯಾಗಿ ಹೊರಬರತೊಡಗಿದಾಗ ನಾನು ಜಗಲಿಯ ಕಂಬ ಹಿಡಿದು ಜೋರಾಗಿ ಅತ್ತೆ. ಅಕ್ಕ ಸಮಾಧಾನ ಹೇಳಲಿಲ್ಲ. ಪ್ಲಾಸ್ಟಿಕ್ ಕವರಿನ ಕಟ್ಟೊಂದನ್ನು ನನ್ನ ಮಡಿಲಿಗೆ ಹಾಕಿ, "ಒಂದೊಂದನ್ನೇ ಇದ್ರೊಳ್ಗ್ ಹಾಕ್. ನೀರ್ ಬಿದ್ರೆ ಮುಖ ಕರ್ಗತ್ತ್," ಎಂದರು.

ಅಕ್ಕ ಪೋಸ್ಟರನ್ನು ಎತ್ತರದಲ್ಲಿ ಅಂಟಿಸುತ್ತಿರಲಿಲ್ಲ. ಬೆಂಚಿನ ಎದುರು, ಸೊಂಟದ ಮಟ್ಟಕ್ಕೆ. ಬಸ್ಸಿಗೆ ಕಾಯುತ್ತ ಕೂತವರು ಎದುರಿಗೆ ಏನಿದ್ದರೂ ಓದುತ್ತಾರೆಂದು ಅವರ ನಂಬಿಕೆ. ಆ ಸಂಜೆ ಬೈಂದೂರು ಮುಗಿಸಿ, ಮರುದಿನ ಬೆಳಿಗ್ಗೆ ಕೊಲ್ಲೂರಿಗೆ ಹೋದೆವು. ಜೀಪ್ ಸ್ಟ್ಯಾಂಡಿನ ಚಾ ಅಂಗಡಿಯ ಗೋಡೆಗೆ ಅಂಟಿಸಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಅಲ್ಲೇ ಚಾ ಕುಡಿಯುತ್ತಿದ್ದ ಡ್ರೈವರೊಬ್ಬರು ಬಗ್ಗಿ ಓದಿದರು. ಅವರೇ ಈಗ ನನಗೆ ಸಾವಿನ ಸುದ್ದಿ ಹೇಳಿದವರು.

"ಹ್ವಾಯ್ ಅಕ್ಕ, ಇಲ್ಲಿ ಕಾಣಿ. ಕೈ ಹೂ ಕಟ್ಟುವಾಂಗ್ ಅಂತ ಬರ್ದಿದ್ರಿ. ಅಲ್ಲಿ ಹೂವಿನ್ ಅಂಗ್ಡಿಯಲ್ಲ್ ಒಬ್ರ್ ಅಜ್ಜಿ ಮೊನ್ನೆಯಿಂದ ಕೂತ್ಕಂಡ್ ಕಟ್ತಾ ಇದ್ರಲ್ಲ! ನಾ ಅಂಗ್ಡಿಯವ್ರ್ ಕಡೆಯವ್ರ್ ಅಂತ ಮಾಡಿದ್ದೆ."

ಓಡಿದೆ. ದೇವಸ್ಥಾನದ ದಾರಿಯಲ್ಲಿ ಹೂ, ಕುಂಕುಮ ಮಾರುವ ಸಾಲಿನ ಕೊನೆಯಲ್ಲಿ, ಕೆದರಿದ ಕೂದಲಿನ ನನ್ನ ಅಮ್ಮ ಮಣೆಯ ಮೇಲೆ ಕೂತು ಸೇವಂತಿಗೆ ಕಟ್ಟುತ್ತಿದ್ದರು. ಪೋಸ್ಟರಿನಲ್ಲಿದ್ದ ಮುಖವೇ. ಅಂಗಡಿಯಾಕೆಯ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ದಾರಿ ತಪ್ಪಿ ಬಂದ ಅಜ್ಜಿಗೆ ಊಟ ಹಾಕಿ, ತನ್ನ ಕೋಣೆಯಲ್ಲೇ ಮಲಗಿಸಿಕೊಂಡಿದ್ದಳು. ನಾನು ಎದುರು ನಿಂತು "ಅಮ್ಮ" ಎಂದೆ. ಅಮ್ಮ ತಲೆಯೆತ್ತಿ ನೋಡಿ, ಬಹಳ ನಯವಾಗಿ ಕೇಳಿದರು:

"ಎಷ್ಟ್ ಮೊಳ ಬೇಕ್?"

ಅವರು ಸಿಕ್ಕರೆ ಏನೇನಾಗಬಹುದೆಂದು ಎರಡು ದಿನ ಯೋಚಿಸಿದ್ದೆ. ಇದನ್ನು ಯೋಚಿಸಿರಲಿಲ್ಲ. ಹಿಂದಿನಿಂದ ಅಕ್ಕನ ಕೈ ನನ್ನ ಬೆನ್ನಿನ ಮೇಲೆ ಬಂತು. "ಒಂದ್ ಮೊಳ ತಕೋ. ತಲಿಗ್ ಮುಡ್ಸಿ ಅನ್ನ್. ಮುಡ್ಸಿದ್ ಮೇಲೆ ಕರ್ಕಂಡ್ ಹೋಪ," ಎಂದು ಕಿವಿಯಲ್ಲಿ ಹೇಳಿದರು. ಹಾಗೇ ಮಾಡಿದೆ. ಅಮ್ಮ ನನ್ನ ಜಡೆಗೆ ಹೂ ಮುಡಿಸುತ್ತ ಮುಡಿಸುತ್ತ ಕೈ ನಿಲ್ಲಿಸಿ, "ಇಷ್ಟ್ ಹೊತ್ತ್ ಎಲ್ಲಿದ್ದೆ ನೀನ್?" ಎಂದು ನನ್ನನ್ನೇ ಗದರಿದರು.

ಆ ದಿನ ನಾವು ಬಸ್ಸು ಹತ್ತುವ ಮೊದಲೇ ಅಕ್ಕ ಚಾ ಅಂಗಡಿಯ ಗೋಡೆಯಿಂದ ಅಮ್ಮನನ್ನು ಕಿತ್ತು ತೆಗೆದರು. "ಸಿಕ್ಕಿದ್ ಮೇಲೆ ಮುಖ ಗ್ವಾಡಿ ಮೇಲ್ ಇಪ್ಪುಕಾಗ," ಎಂದರು.

ಮುಂದೆ ಅಮ್ಮ ಇರುವವರೆಗೂ, ಹೋದ ಮೇಲೂ, ರಜೆ ಸಿಕ್ಕಾಗಲೆಲ್ಲ ಬಿಜೂರಿಗೆ ಹೋಗುತ್ತಿದ್ದೆ. ಟೈಪ್ ಮಾಡಿಕೊಡುತ್ತಿದ್ದೆ. ಸಿಕ್ಕವರಿಗಿಂತ ಸಿಗದವರೇ ಹೆಚ್ಚು. ಪ್ರಿಂಟರಿನ ಆ ಲೆಕ್ಕ ಮತ್ತೂ ತುಂಬುತ್ತಿತ್ತು. ತುಂಬಿದಾಗಲೆಲ್ಲ ಅಕ್ಕ ಅದಕ್ಕೊಂದು ಹಿಂದಿ ಬೈಗುಳ ಬೈದು, ಪ್ಯಾಡ್ ಬದಲಿಸಿ ಸೊನ್ನೆ ಮಾಡುತ್ತಿದ್ದರು. ಅವರಿಗದು ನೀರು ಕುಡಿದಷ್ಟು ಸಲೀಸಾಗಿತ್ತು.

ಒಂದು ಶನಿವಾರ ಶಾಲೆ ಬಿಟ್ಟು ಹೋಗಿದ್ದೆ. ಜಗಲಿಯ ಮೇಲೆ ಒಬ್ಬ ಗಂಡಸು ಕೂತಿದ್ದ. ಇಸ್ತ್ರಿ ಹಾಕಿದ ಅಂಗಿ, ಮೆತ್ತಗಿನ ಮಾತು, ಅತ್ತು ಅತ್ತು ಕೆಂಪಾದ ಕಣ್ಣು. ಹೆಂಡತಿ ನಾಲ್ಕು ದಿನದಿಂದ ಕಾಣುತ್ತಿಲ್ಲವಂತೆ. ಆ ಕುರ್ಚಿಯಲ್ಲಿ ಹಾಗೇ ಕೂತಿದ್ದವಳು ನಾನು.

"ಗುರ್ತ್ ಎಂತ ಇತ್ತ್?" ಎಂದು ಅಕ್ಕ ಕೇಳಿದರು.

"ಎಡ ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಕಲೆ ಅಮ್ಮಾ. ಬಲಗೈ ಮೊಣಕೈ ಕೆಳ್ಗೆ ಸುಟ್ಟ ಕಲೆ. ಕೆಳ್ಗಿನ ಒಂದ್ ಹಲ್ಲ್ ಅರ್ಧ ತುಂಡಾಯ್ತ್. ಮತ್ತೆ ಕುತ್ತಿಗೆ ಹಿಂದ್ ಬದಿ ಉದ್ದಕ್ಕೆ ಒಂದ್ ಗೀರ್ ಇತ್ತ್, ಕೂದ್ಲ್ ಎತ್ರೆ ಮಾತ್ರ ಕಾಂತ್ತ್."

"ಮನಿಯಿಂದ ಹೊರ್ಡುವತಿಗೆ ಸೀರೆ ಯಾವ್ ಬಣ್ಣ?"

ಆತ ಮೇಲೆ ನೋಡಿದ. ಕೆಳಗೆ ನೋಡಿದ. "ಅದ್... ಎಂತದೋ. ನೆನ್ಪಿಲ್ಲೆ ಅಮ್ಮಾ."

ಅಕ್ಕ ಪ್ರಿಂಟರಿನ ಸ್ವಿಚ್ ಹಾಕಿದರು. ಎರಡು ದೀಪ ಮಿನುಗಿದವು. "ಕಾಣಿ, ಇದ್ರ ಕಥಿ ಮುಗೀತ್. ಶಾಯಿ ಪ್ಯಾಡಿನ್ ಆಯಸ್ಸ್ ಮುಗ್ದಿತ್ತ್ ಅಂತ ಬರ್ದ್ ಬತ್ತ್. ನಾನ್ ಎಂತ ಮಾಡೂಕ್ ಆತ್ತ್?"

ಆತ ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನು ಗಮನವಿಟ್ಟು ಓದಿದ. ನಾನು ಬಾಯಿ ತೆರೆದೆ. "ಅಕ್ಕ, ಅದ್ ರಿಸೆಟ್..."

"ಟೀಚರೇ," ಅಕ್ಕ ನನ್ನ ಮಾತನ್ನು ಅರ್ಧಕ್ಕೇ ತುಂಡರಿಸಿದರು, "ಪಾಪ, ಇವ್ರ್ ಬಿಸ್ಲಂಗ್ ಬಂದಿದ್ರ್. ಒಳ್ಗ್ ಹೋಯಿ ಚೂರ್ ಚಾ ಮಾಡ್ಕಂಬಾ."

ಅಕ್ಕ ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದೆ. ಅದೂ ಹೆಂಡತಿಯನ್ನು ಕಳೆದುಕೊಂಡ ಮನುಷ್ಯನಿಗೆ. ಸಿಟ್ಟು, ಗೊಂದಲ ಎರಡನ್ನೂ ಹೊತ್ತು ಅಡಿಗೆಮನೆಯ ಬಾಗಿಲು ದೂಡಿದೆ.

ಒಲೆಯ ಪಕ್ಕದ ನೆಲದಲ್ಲಿ ಒಬ್ಬಳು ಹೆಂಗಸು ಕೂತಿದ್ದಳು. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡಿದ್ದಳು. ಎಡ ಹುಬ್ಬಿನ ಮೇಲೆ ಹೊಲಿಗೆಯ ಕಲೆ. ಬಲಗೈಯಲ್ಲಿ ಮೊಣಕೈ ಕೆಳಗೆ ಸುಟ್ಟ ಚರ್ಮ ಇನ್ನೂ ನುಣುಪಾಗಿ ಹೊಳೆಯುತ್ತಿತ್ತು. ಜಗಲಿಯಲ್ಲಿ ಕೇಳಿದ ಪಟ್ಟಿ ಅದೇ ಕ್ರಮದಲ್ಲಿ ನನ್ನ ಕಣ್ಣೆದುರು ಇತ್ತು. ಆಗ ನನಗೆ ಹೊಳೆಯಿತು. ಆತ ಆ ಗುರುತುಗಳನ್ನು ನೆನಪು ಮಾಡಿಕೊಂಡು ಹೇಳಿರಲಿಲ್ಲ. ಮಾಡಿದವನು ಹೇಳಿದ ಹಾಗೆ ಹೇಳಿದ್ದ.

ನಾನು ಪಾತ್ರೆ ಇಡಹೋದೆ. ಮುಚ್ಚಳ ಜಾರಿ ಸದ್ದಾಯಿತು. ಆಕೆ ಎದ್ದು ಬಂದು ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡಳು. ಹಾಲು, ಪುಡಿ ಹಾಕಿ ಚಾ ಕುದಿಸಿ ಲೋಟಕ್ಕೆ ಬಸಿದಳು. ಆಮೇಲೆ ಉಸಿರಿನಲ್ಲೇ ಹೇಳಿದಳು: "ಸಕ್ರಿ ಜಾಸ್ತಿ ಹಾಕ್ಕ್. ಇಲ್ದಿದ್ರೆ ಲೋಟ ಬಿಸಾಕ್ತ್ರ್."

ಆ ಲೋಟವನ್ನು ಹಿಡಿದು ಜಗಲಿಗೆ ನಡೆದ ನಾಲ್ಕು ಹೆಜ್ಜೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆತ ಒಂದು ಗುಟುಕು ಕುಡಿದ. ಲೋಟದೊಳಗೆ ನೋಡಿದ. ಇನ್ನೊಂದು ಗುಟುಕು ಕುಡಿದು ಮತ್ತೆ ನೋಡಿದ. ಅಕ್ಕ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ, ಬೈಂದೂರಿನಲ್ಲಿ ಎಲ್ಲೆಲ್ಲಿ ಜೆರಾಕ್ಸ್ ಅಂಗಡಿಯಿದೆ ಎಂದು ವಿವರಿಸುತ್ತಿದ್ದರು. "ಚಾ ಲಾಯ್ಕಿತ್ತ್ ಟೀಚರೇ," ಎಂದು ಆತ ನನ್ನ ಕಡೆ ನೋಡಿ ಕೈಮುಗಿದು ಎದ್ದ. ಗೇಟಿನ ಸದ್ದು ಕೇಳಿದ ಮೇಲೂ ನಾವಿಬ್ಬರೂ ಅಲ್ಲಾಡಲಿಲ್ಲ.

"ನಂಗೆ ಮೊದ್ಲೇ ಹೇಳೂಕಾಗ್ತಿರ್ಲಿಲ್ಯಾ ಅಕ್ಕ?" ಎಂದೆ ಕೊನೆಗೆ.

"ಹೇಳಿದ್ರೆ ನಿನ್ ಮುಖ ಅವ್ನಿಗ್ ಹೇಳ್ತಿತ್ತ್." ಅಕ್ಕ ಗೇಟಿನ ಕಡೆಯೇ ನೋಡುತ್ತಿದ್ದರು. "ಕೊಲ್ಲೂರ್ ಹೊಳಿ ಮೆಟ್ಲ್ ಮೇಲೆ ಕೂತಿದ್ಲ್. ಡ್ರೈವರ್ ಕಂಡ್ ಫೋನ್ ಮಾಡ್ರ್. ಬಿದ್ದ್ ಪೆಟ್ಟಾಯ್ತ್ ಅಂತ್ಲೇ ಹೇಳ್ತಿದ್ಲ್, ಇವತ್ತಿನ್ ವರೆಗೂ. ಈಗ ಅವ್ನೇ ಒಂದೊಂದಾಯಿ ಹೇಳ್ದ. ಗಾಯ ಎಲ್ಲ ಬಾಯಿಪಾಠ. ಸೀರೆ ಬಣ್ಣ ಗೊತ್ತಿಲ್ಲೆ."

ಹೀಗೆ ಹೇಳಿ ಅವರು ಪ್ರಿಂಟರಿನ ಗುಂಡಿ ಅದುಮಿ ಹಿಡಿದು ಸ್ವಿಚ್ ಹಾಕಿದರು, ಪ್ರೋಗ್ರಾಂ ತೆರೆದರು, ಟಿಕ್ ಹಾಕಿದರು. ಹಸಿರು ದೀಪ ಬಂತು. ಗಂಗೊಳ್ಳಿಯ ಒಬ್ಬ ಮುದುಕರ ಪೋಸ್ಟರ್ ಬೆಳಿಗ್ಗೆಯಿಂದ ಕಾಯುತ್ತಿತ್ತು. ಅದು ಹೊರಬರತೊಡಗಿತು. ಆಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

ಸೋಮವಾರ ಅಕ್ಕ ಆಕೆಯನ್ನು ಸ್ಟೇಷನ್ನಿಗೆ ಕರೆದೊಯ್ದರು. ಸ್ವಂತ ಇಷ್ಟದಿಂದ ಮನೆ ಬಿಟ್ಟಿದ್ದೇನೆ, ಹಿಂದೆ ಹೋಗುವುದಿಲ್ಲ ಎಂದು ಆಕೆ ಹೇಳಿಕೆ ಕೊಟ್ಟಳು. ಗಾಯಗಳ ವಿಷಯವನ್ನೂ ಅಲ್ಲಿ ಮೊದಲ ಸಲ ಬಾಯಿಬಿಟ್ಟಳಂತೆ. ಈಗ ಒಂದೆಡೆ ಕೆಲಸದಲ್ಲಿದ್ದಾಳೆ. ಎಲ್ಲಿ ಎಂದು ಬರೆಯುವುದಿಲ್ಲ. ಆದರೆ ಆತ ಅಷ್ಟರಲ್ಲಿ ಬೇರೆಲ್ಲೋ ಪೋಸ್ಟರ್ ಮಾಡಿಸಿ ಊರೂರಿಗೆ ಅಂಟಿಸಿದ್ದ. ಅದರಲ್ಲಿದ್ದದ್ದು ಮದುವೆಯ ಫೋಟೋ. ಮುಂದಿನ ಭಾನುವಾರ ನಾನೂ ಅಕ್ಕನೂ ಅವನ್ನೆಲ್ಲ ಕೀಳುತ್ತ ಹೋದೆವು. ಕುಂದಾಪುರದಿಂದ ಹಿಡಿದು ಒಂದೊಂದೇ ಸ್ಟಾಪಿನಲ್ಲಿ ಇಳಿದು, ನೀರು ಚಿಮುಕಿಸಿ, ಉಗುರಿನಿಂದ ಕೆರೆದು. ಸಂಜೆ ಬೈಂದೂರಿನ ಬಸ್ ಸ್ಟ್ಯಾಂಡಿನ ಕೊನೆಯದನ್ನು ಕಿತ್ತು ಬೆಂಚಿನ ಮೇಲೆ ಕೂತಾಗ ಅಕ್ಕ ಯಾವ ಪೀಠಿಕೆಯೂ ಇಲ್ಲದೆ ಹೇಳಿದರು.

"ನಾನೂ ಹೀಂಗೇ ಬಂದವ್ಳ್."

ನಾನು ಅವರ ಕಡೆ ತಿರುಗಿದೆ.

"ನಿಮ್ ಬ್ರಹ್ಮಾವರದ್ ಬದಿಯೇ. ಮದಿ ಆಯಿ ವರ್ಷ ಆಯಿರ್ಲಿಲ್ಲೆ. ತಡೂಕಾತಿರ್ಲಿಲ್ಲೆ. ಒಂದ್ ದಿನ ಬಾವಿಕಟ್ಟಿ ಮೇಲೆ ಕೊಡಪಾನ ಇಟ್ಟ್ ಹಾಂಗೇ ಹೋದೆ. ಬೊಂಬಾಯಿ ಬಸ್ಸ್. ಕ್ಯಾಂಟೀನಲ್ಲ್ ಪಾತ್ರೆ ತೊಳೂಕೆ ಸೇರ್ಕಂಡೆ. ಬಿಜೂರಿನ್ ಇವ್ರ್ ಸಿಕ್ಕಿದ್ದೆಲ್ಲ ಕಡಿಕೆ."

ಎದುರು ಕೊಲ್ಲೂರಿನ ಬಸ್ಸು ನಿಂತು ಜನ ಇಳಿಯುತ್ತಿದ್ದರು. ಅಕ್ಕ ಬೆರಳಿಗೆ ಅಂಟಿದ ಕಾಗದದ ಚೂರು ಬಿಡಿಸಿಕೊಳ್ಳುತ್ತಿದ್ದರು.

"ಶುರುವಿಗೆ ಹೆದ್ರಿಕಿ. ಹುಡ್ಕ್ಕಂಡ್ ಬಂದ್ರೆ ಅಂದೇಳಿ. ಕಾಣೆಯಾಯಿದ್ರ್ ಅಂತ ಫೋಟೋ ಹಚ್ತ್ರಲ್ಲ, ಸ್ಟೇಷನಲ್ಲ್, ಬಸ್ ಸ್ಟ್ಯಾಂಡಲ್ಲ್. ದಿನಾ ಕಾಂಬೂಕ್ ಹೋತಿದ್ದೆ. ಕನ್ನಡ ಪೇಪರ್ ಬಂದ್ರೂ ಮೊದ್ಲ್ ಅದನ್ನೇ ಕಾಂಬುದ್. ಸುಮಾರ್ ಕಾಲ ಕಂಡೆ ಮಾರಾಯ್ತಿ."

"ಇತ್ತಾ ಅಕ್ಕ?"

"ಒಂದೂ ಇರ್ಲಿಲ್ಲೆ. ಅಪ್ಪಯ್ಯನ್ ಮನಿಯವ್ರೂ ಹಾಕ್ಲಿಲ್ಲೆ, ಗಂಡನ್ ಮನಿಯವ್ರೂ ಹಾಕ್ಲಿಲ್ಲೆ."

ನೆಮ್ಮದಿಯಾಯಿತಾ ಎಂದು ಕೇಳಿದೆ. ಅಕ್ಕ ನನ್ನನ್ನು ನೋಡಿದರು.

"ಆಯ್ತ್. ಇನ್ನ್ ಯಾರೂ ಬಪ್ದಿಲ್ಲೆ ಅಂದೇಳಿ ಗೊತ್ತಾಯ್ತಲ್ಲ. ಆ ದಿನ ಕ್ಯಾಂಟೀನಲ್ಲ್ ಎಲ್ಲರಿಗೂ ಬಡ್ಸ್‌ದೆ. ನಂಗ್ ಮಾತ್ರ ಅನ್ನ ಗಂಟ್ಲಲ್ಲ್ ಇಳೀಲಿಲ್ಲೆ."

ಅದಾದ ಮೇಲೆ ಈ ವಿಷಯ ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಬಿಜೂರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲವೆಂದು ನನಗೆ ತಿಳಿದದ್ದು ಮೊನ್ನೆಯೇ.

ಫೋನ್ ಬಂದ ದಿನ ನಾನು ಬಿಜೂರು ಮುಟ್ಟುವಾಗ ಅಂಗಳದ ತುಂಬ ಜನ. ಜೀಪ್ ಸ್ಟ್ಯಾಂಡಿನ ಅಷ್ಟೂ ಡ್ರೈವರುಗಳು ಬಂದಿದ್ದರು. ನನಗೆ ಗುರುತಿಲ್ಲದ ಎಷ್ಟೋ ಮಂದಿ ಅಳುತ್ತಿದ್ದರು. ಅಕ್ಕನಿಗೆ ಸ್ನಾನ ಮಾಡಿಸಿ, ಗಂಜಿ ಹಾಕಿದ ಸೀರೆ ಉಡಿಸಿ, ಚಟ್ಟದ ಮೇಲೆ ಮಲಗಿಸಿದ್ದರು. ಮೈದುನನ ಮಗ ಬೆಂಕಿಯ ಮಡಕೆ ಹಿಡಿದು ತಯಾರಾಗಿ ನಿಂತಿದ್ದ. ಆಗ ಹಿರಿಯರೊಬ್ಬರು, ಎಲ್ಲ ಸಾವಿನ ಮನೆಯಲ್ಲೂ ಕೇಳುವ ಹಾಗೆ, ದನಿಯೆತ್ತಿ ಕೇಳಿದರು.

"ಇನ್ನ್ ಯಾರಾರೂ ಬಪ್ಪುಕಿತ್ತಾ? ತವರ್ ಮನಿಯವ್ರ್ ಯಾರಾರೂ?"

ಅಕ್ಕನ ತವರು ಎಲ್ಲಿ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ನನ್ನ ಊರಿನ ಹತ್ತಿರವೇ ಎಲ್ಲೋ ಒಂದು ಮನೆಯಲ್ಲಿ ಅಣ್ಣನೋ ತಮ್ಮನೋ ಇನ್ನೂ ಇರಬಹುದು. ಒಂದು ಮಾತು ಹೇಳಿದರೆ ಹುಡುಕುವವರೂ ಆ ಅಂಗಳದಲ್ಲೇ ಇದ್ದರು. ಹಿರಿಯರು ಮತ್ತೊಮ್ಮೆ ಕೇಳಿದರು.

"ಯಾರೂ ಇಲ್ಲೆ," ಎಂಬ ದನಿ ಬಂತು. ಅಷ್ಟು ಗಟ್ಟಿಯಾಗಿ ಹೇಳಿದವಳು ನಾನೇ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಎಲ್ಲರೂ ನನ್ನ ಕಡೆ ತಿರುಗಿದ್ದರು.

"ಎತ್ತಿ," ಎಂದೆ.